ಕಡೀ ಸಾಲಿನತನಕ ಕುಂದರ್ರಿ

ಕೇಳುಗರಿಗೆಲ್ಲಾ ನಮಸ್ಕಾರ್ರಿ. ರಾಕ್ ಸಂಗೀತದ ಮ್ಯಾಲೆ ಮಾತು ಅಂದಕೂಡ್ಲೇ ರೇಡಿಯೋ ಬಂದ್ ಮಾಡಾಕ ಕೈ ಹಾಕಿದೋರು ಒಂದೀಟ ತಡೀರಿ. ನಿಮ್ಮ ಸಲುವಾಗೇ ನಾ ಬಂದೇನಿ. ಗಿಟಾರ್ ಕಲಸೋದು ನನ್ನ ಕಸುಬು. ನಮ್ಮ ಬಾಗಲಕೋಟಿ ಜಿಲ್ಲಾದಾಗ ಗಿಟಾರ್ ಕಲಿಯೋ ಹುಡುಗರು ಅದಾರ, ಅವರ ಹಿಂದ ಅವರ ಅಪ್ಪಗೋಳು ಅದಾರ. ಹುಡುಗರಿಗೆ ನಾ ಹೇಳೂದು ಏನೂ ಉಳಿದಿಲ್ಲ, ಈಗ ಅವ್ರೇ ನನಗ ಹೇಳ್ತಾರ. ಇವತ್ತಿನ ಮಾತು ಅಪ್ಪಗೋಳಿಗೆ. ಅಂಗಡ್ಯಾಗ ಕುಂತೋರು, ಕಬ್ಬಿಗೆ ನೀರು ಹಾಯಿಸ್ಕೋಂತ ಬದುವಿನ ಮ್ಯಾಲೆ ನಿಂತೋರು, ಮಗ್ಗದ ಗದ್ದಲದಾಗ ರೇಡಿಯೋ ಕಿವಿಗೆ ಹಚ್ಕೊಂಡೋರು, ಎಲ್ಲಾರೂ ಕೇಳ್ರಿ.

ತಂದಿಯಾಗೋ ಸಂಕಟ, ತಂದಿಯಾಗೋ ಖುಷಿ, ಇವು ರಾಕ್ ಹಾಡಿನಾಗ ಬಂದಾವು. ಬೇಕಾದಷ್ಟು ಬಂದಾವು. ಅಂಥ ನಿಧಾನದ ಹಾಡಿಗೆ ಬ್ಯಾಲಡ್ ಅಂತಾರ. ಇಂಗ್ಲಿಷ್ ಬರಂಗಿಲ್ಲ, ನಮಗೇನು ತಿಳೀತೈತಿ ಅಂತ ಬಾಳ ಮಂದಿ ನನ್ನ ಕೇಳ್ತಾರ. ತಿಳೀತೈತ್ರಿ. ನಂದು ಒಂದ ಒಂದು ಕರಾರು: ಹಾಡು ಹಚ್ಚಿದ ಮ್ಯಾಲೆ ಕಡೀತನಕ ಕೇಳಬೇಕು. ಅರ್ಧಕ್ಕ ಎದ್ದು ಹೋಗಬಾರದು. ಇವತ್ತ ನಾ ಏನೇನು ಮಾತಾಡಿದ್ರೂ ಕಡೀಕ ಇದೊಂದಕ್ಕ ಬರ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಯಾಕ ಕಡೀತನಕ? ಬ್ಯಾಲಡ್ ಕಟ್ಟೂದ ಹಂಗ. ಮೊದಲ ಒಂದ ಗಿಟಾರ್. ತಂತಿ ಒಂದೊಂದಾಗಿ ಬಿಡಿಸಿ ನುಡಸ್ತಾರ, ದನಿ ತಿಳಿಯಾಗಿರ್ತೈತಿ. ಹಾಡಾವ ತಗ್ಗಿನ ದನಿಯಾಗ, ಪಕ್ಕದಾಗ ಕುಂತು ಮಾತಾಡಿದಂಗ ಶುರು ಮಾಡ್ತಾನ. ಆಮ್ಯಾಲೆ ಡ್ರಮ್ ಬರ್ತೈತಿ, ಬಾಸ್ ಅನ್ನೋ ತಗ್ಗಿನ ದನಿ ಗಿಟಾರ್ ಬರ್ತೈತಿ. ಇನ್ನೂ ಮುಂದ ಹೋದ್ರ ಅದ ಗಿಟಾರು ದಪ್ಪ, ಒರಟ ಆಗ್ತೈತಿ. ದನಿ ದೊಡ್ಡದು ಮಾಡೋ ಆಂಪ್ಲಿಫೈಯರಿಗೆ ಅದರ ತಾಕತ್ತಿಗಿಂತ ಹೆಚ್ಚು ಸಿಗ್ನಲ್ ಕೊಟ್ರ ದನಿಯ ಅಲೀ ತಲಿ ಚಪ್ಪಟ್ಟಿ ಆಗಿ ದನಿ ಒಡೀತೈತಿ. ಅದಕ್ಕ ಡಿಸ್ಟಾರ್ಷನ್ ಅಂತಾರ. ನೀವು ಗದ್ದಲ ಅನ್ನೂದು ಅದಕ್ಕ. ಶುರುವಿಂದ ಕುಂತಾವಗ ಅದು ಗದ್ದಲ ಅಲ್ಲ. ತಡಕೊಂಡು ತಡಕೊಂಡು ಕಡೀಕ ದನಿ ಒಡದ ಮನಷ್ಯಾನ ಮಾತು ಅದು. ನಡುವ ಬಂದು ಕಿವಿ ಕೊಟ್ಟಾವಗ ಅದು ಬರೇ ಗದ್ದಲನೇ, ಅದರಾಗ ಹಾಡಿನ ತಪ್ಪೇನೈತಿ?

ಒಂದ ಹಾಡು ಹಿಡಕೊಂಡು ಹೇಳ್ತೇನಿ. ಅಮೆರಿಕಾದ ಫ್ಲೋರಿಡಾದಾಗ ಕ್ರೀಡ್ ಅಂತ ಒಂದು ತಂಡ. ಅವರ ಹಾಡು ‘ವಿತ್ ಆರ್ಮ್ಸ್ ವೈಡ್ ಓಪನ್’, 1999ರ ‘ಹ್ಯೂಮನ್ ಕ್ಲೇ’ ಅನ್ನೋ ಆಲ್ಬಮ್‌ನಾಗ ಬಂದಿದ್ದು. ಮಾತು ಬರದಾವ ಹಾಡುಗಾರ ಸ್ಕಾಟ್ ಸ್ಟ್ಯಾಪ್, ಗಿಟಾರ್ ಮಾರ್ಕ್ ಟ್ರೆಮಾಂಟಿ. ತಾನು ತಂದಿ ಆಗಾಂವ ಅಂತ ಗೊತ್ತಾದಾಗ ಸ್ಟ್ಯಾಪ್ ಈ ಹಾಡು ಬರದ. 2000ದ ನವೆಂಬರಿನಾಗ ಅಮೆರಿಕಾದಾಗ ಜನಪ್ರಿಯ ಹಾಡಿನ ಲೆಕ್ಕ ಇಡೋ ಬಿಲ್‌ಬೋರ್ಡ್ ಪಟ್ಟಿಯಾಗ ಇದು ಮೊದಲನೇ ನಂಬರಿಗೆ ಹೋತು. ಮುಂದಿನ ವರ್ಷ, 2001ರಾಗ, ರಾಕ್ ಹಾಡಿಗೆ ಕೊಡೋ ಗ್ರ್ಯಾಮಿ ಪ್ರಶಸ್ತಿ ಇಬ್ಬರಿಗೂ ಬಂತು. ಪ್ರಶಸ್ತಿ ಮಾತು ಇಷ್ಟ ಸಾಕು, ಪ್ರಶಸ್ತಿಯಿಂದ ಯಾರ ಕಣ್ಣಾಗೂ ನೀರು ಬರಂಗಿಲ್ಲ.

ಹಾಡಿನಾಗ ಏನೈತಿ? ಒಬ್ಬ ಗಂಡಸಿಗೆ ಸುದ್ದಿ ಬಂದೈತಿ. ಹೇಣ್ತಿ ಬಸರಿ. ಅವ ಕಣ್ಣು ಮುಚ್ಚಿ ದೇವರನ್ನ ಬೇಡ್ಕೊಂತಾನ, ಅಳ್ತಾನ. ಇನ್ನೂ ಹುಟ್ಟಲಾರದ ಕೂಸಿಗೆ ಎರಡೂ ತೋಳು ಚಾಚಿ ಬಾ ಅಂತಾನ. ಇಷ್ಟು ಮೊದಲ ಅರ್ಧದಾಗ. ಬಾಳ ಮಂದಿ ಇಲ್ಲೇ ತಿಳೀತು ಅಂತ ಬಂದ್ ಮಾಡ್ತಾರ. ಹಾಡು ಮುಗಿಯಾಕ ಬಂದಾಗ ಅವ ಒಂದ ಒಂದು ಬೇಡಿಕಿ ಇಡ್ತಾನ. ಏನಂತ? ಹುಟ್ಟೋ ಮಗ ನನ್ನಂಗ ಆಗಬಾರದು ಅಂತ. ಇಡೀ ಹಾಡು ಕುಂತಿರೂದು ಆ ಮಾತಿನ ಮ್ಯಾಲೆ. ಅದಕ್ಕ ಅನ್ನೂದು, ಕಡೀತನಕ ಕೇಳ್ರಿ.

ಹಾಡು ಪೂರಾ ಆಗಾಕ ಹಿಡಿಯೂದು ನಾಕೂವರಿ ನಿಮಿಷ. ರಾತ್ರಿ ಬೆಳತನಕ ಶ್ರೀಕೃಷ್ಣ ಪಾರಿಜಾತ ಕುಂತು ನೋಡೋ ಮಂದಿ ನಾವು. ಕಂಬಳಿ ಹೊತಗೊಂಡು, ಶೇಂಗಾ ತಿನಕೋಂತ, ಭಾಮಿ ಮುನಿಸು ಇಳಿಯೋತನಕ ಕುಂತಿರ್ತೇವಿ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಬೆಳಗಾವಿ ಹಂತೇಕ ಐತಿ. ಹಿಂದೂಸ್ತಾನಿ ಗಾಯನದಾಗ ನಿಧಾನದ ವಿಲಂಬಿತ ಮುಗಿದು ಜೋರಿನ ದ್ರುತ ಬರೋತನಕ ಕಾಯೋ ಕಿವಿ ನಮ್ಮ ಕಡೆ ಹೊಸದಲ್ಲ. ಅಂಥಾವ್ರಿಗೆ ನಾಕೂವರಿ ನಿಮಿಷ ಕುಂದ್ರಾಕ ಆಗಂಗಿಲ್ಲ ಅಂದ್ರ ಹೆಂಗ್ರಿ? ಮೊಬೈಲ್‌ನಾಗ ಅರ್ಧ ನಿಮಿಷದ ತುಣುಕು ನೋಡಿ, ಹಾ ಈ ಹಾಡು ಗೊತ್ತೈತಿ ಬಿಡ್ರಿ ಅಂತಾರ. ನನಗ ಸಿಟ್ಟು ಬರ್ತೈತಿ. ಇರ್ಲಿ.

ಬನಹಟ್ಟಿ ಕಥಿ ಒಂದು ಹೇಳಬೇಕು. ನಾ ರವಿವಾರಕ್ಕೊಮ್ಮೆ ಬನಹಟ್ಟಿಗೆ ಹೋಗಿ ಕ್ಲಾಸ್ ತಗೋತಿದ್ದೆ. ರಬಕವಿ-ಬನಹಟ್ಟಿ ಅಂದ್ರ ನಿಮಗ ಗೊತ್ತು, ಯಾವ ಓಣಿಗೆ ಹೋದ್ರೂ ಮಗ್ಗದ ಸಪ್ಪಳ. ಗಿಟಾರ್ ಶ್ರುತಿ ಮಾಡಬೇಕಂದ್ರ ಕಿಡಕಿ ಹಾಕ್ಕೋಬೇಕು, ಹಾಕ್ಕೊಂಡ್ರ ಸೆಕಿ. ಅಲ್ಲಿ ನನ್ನ ಹಂತೇಕ ಒಬ್ಬ ಹುಡುಗ ಬರ್ತಿದ್ದ. ಕೈ ಚಲೋ ಇತ್ತು, ಮಾತು ಕಡಿಮಿ. ಅವರಪ್ಪ ಕೂಲಿ ನೇಕಾರ, ಮಾಲಕರ ಪಾವರ್‌ಲೂಮ್ ಮ್ಯಾಲೆ ಕೆಲಸ. ಒಂದು ರವಿವಾರ ಅವರಪ್ಪನೇ ಬಂದು ಬಾಗಲದಾಗ ನಿಂತ. ಕಾಲಾಗಿನ ಚಪ್ಪಲಿ ಬಿಡಲಿಲ್ಲ. ಹುಬ್ಬಿನ ಮ್ಯಾಲೆ, ಮೀಸಿ ಮ್ಯಾಲೆ ಬಿಳೇ ನೂಲಿನ ಧೂಳಿ ಕುಂತಿತ್ತು. ಮಗ್ಗದಾಗ ದುಡಿಯೋರು ಮಾತಾಡಿದ್ರ ಒದರಿದಂಗ ಇರ್ತೈತಿ, ಅದು ಸಿಟ್ಟಲ್ಲ, ರೂಢಿ.

‘ಸರ, ಇವಗ ಇದು ಸಾಕು ಮಾಡ್ರಿ’ ಅಂದ. ‘ಇದರಾಗ ಹೊಟ್ಟಿ ತುಂಬತೈತೇನ್ರಿ?’

ತುಂಬತೈತಿ ಅಂತ ನಾ ಹೆಂಗ ಹೇಳ್ಲಿ? ನನ್ನ ಹೊಟ್ಟಿನ ನೋಡಿ ಅವಗ ಗೊತ್ತಾಗಿರಬೇಕು. ‘ಅಣ್ಣಾರ, ಬಂದೀರಿ, ಒಂದು ಹಾಡು ಕೇಳಿ ಹೋಗ್ರಿ’ ಅಂದೆ. ಹುಡುಗ ಮೋತಿ ಕೆಳಗ ಹಾಕ್ಕೊಂಡು ಗಿಟಾರಿನ ಹಿಂದ ಅಡಗಿದಂಗ ಕುಂತಿದ್ದ. ಅಷ್ಟೊತ್ತಿಗೆ ಕರೆಂಟ್ ಹೋತು. ಬನಹಟ್ಟಿಯಾಗ ಕರೆಂಟ್ ಹೋದ್ರ ಊರಿಗೆ ಊರೇ ಒಮ್ಮಿಂದೊಮ್ಮೆ ಸುಮ್ಮ ಆಗ್ತೈತಿ. ಒಂದು ಓಣಿ ಸುಮ್ಮ ಆತು, ಬಾಜೂ ಓಣಿ ಸುಮ್ಮ ಆತು, ಎಲ್ಲೋ ಒಂದು ಎಮ್ಮಿ ಒದರೂದು ಕೇಳಿಸ್ತು. ಲಾಳಿ ನಿಂತ ಮ್ಯಾಲೆ ನೇಕಾರಗ ಹೋಗೂ ಅವಸರ ಏನಿರ್ತೈತಿ? ಬ್ಯಾಟರಿ ಸ್ಪೀಕರಿಗೆ ಫೋನ್ ಜೋಡಿಸಿ ಈ ಹಾಡು ಹಚ್ಚಿದೆ.

ಒಂದು ನಿಮಿಷ ಕೇಳಿದ. ‘ಆತಲ್ಲಾ ಸರ, ಕೇಳಿದ್ನಲ್ಲಾ’ ಅಂತ ತಿರುಗಿದ. ನಾ ರಟ್ಟಿ ಹಿಡದು ಕುಂದ್ರಿಸಿದೆ. ಮುಗಿದಿಲ್ರಿ, ಕುಂದರ್ರಿ ಅಂತ. ಡ್ರಮ್ ಜೋರಾದಾಗ ಅವ ನಕ್ಕ. ‘ಕರೆಂಟ್ ಬಂತು ನೋಡ್ರಿ’ ಅಂದ. ಸಂಗೀತದ ಪುಸ್ತಕ ಓದಿದೋರು ಬ್ಯಾಲಡ್ ಬಗ್ಗೆ ಪುಟಗಟ್ಟಲೆ ಬರೀತಾರ, ಇವ ಮೂರ ಮಾತಿನಾಗ ಮುಗಿಸಿದ.

ಆಮ್ಯಾಲೆ ನಗು ನಿಂತ್ತು. ತಲಿ ಬಾಗಿಸಿ ಕೇಳಿದ. ಕೇಳಿ, ‘ಯಾರರ ತೀರ್ಕೊಂಡಾರೇನ್ರಿ ಇವರ ಮನ್ಯಾಗ?’ ಅಂದ.

‘ಇಲ್ಲ ಅಣ್ಣಾರ. ಹೇಣ್ತಿ ಬಸರಿ ಅಂತ ಈಗಷ್ಟ ತಿಳಿದೈತಿ ಅವಗ.’

ಅವ ಒಂದೀಟ ಸುಮ್ಮಿದ್ದು, ‘ಹಂಗಾರ ಅಂಜ್ಯಾನ ಬಿಡ್ರಿ’ ಅಂದ. ‘ನಾನೂ ಅಂಜಿದ್ದೆ. ಇವ ಹುಟ್ಟಿದಾಗ ಮಾಲಕರ ಹಂತೇಕ ಸಾಲ ಇತ್ತು.’

ಹುಡುಗ ಮೋತಿ ಎತ್ತಿ ಅವರಪ್ಪನ್ನ ನೋಡಿದ. ಈ ಮಾತು ಅವ ಅವತ್ತೇ ಮೊದಲು ಕೇಳಿದ್ದು ಅಂತ ಕಾಣ್ತೈತಿ. ಹಾಡಿಗೆ ಇಂಗ್ಲಿಷ್ ಬೇಕು ಅನ್ನೋರು ಇದನ್ನ ಕೇಳ್ರಿ. ಸಾವೋ ಹುಟ್ಟೋ ಅನ್ನೂದನ್ನ ಅವ ತಪ್ಪಿದ್ದ, ಅಂಜಿಕಿ ಗುರುತು ಹಿಡಿಯೂದು ತಪ್ಪಲಿಲ್ಲ. ಹಾಡಿನಾಗ ಖುಷಿಯ ಕಣ್ಣೀರು ಅಂತ ಬರದಾನ ಖರೆ. ಆ ದನಿ ಕೇಳ್ರಿ, ಖುಷಿ ಎಷ್ಟೈತೋ ಅಂಜಿಕಿ ಅಷ್ಟೈತಿ.

ಹಾಡು ಕಡೀಕ ಬಂತು. ಆ ಬೇಡಿಕಿ ಸಾಲು ಬಂದಾಗ ನಾ ಕನ್ನಡದಾಗ ಹೇಳಿದೆ: ‘ಈಗ ಅವ ಮಗ ನನ್ನಂಗ ಆಗಬಾರದು ಅಂತ ಬೇಡಾಕ ಹತ್ಯಾನ.’

‘ಅದನ್ನ ನಾ ಇವಗ ದಿನಾ ಹೇಳ್ತೇನ್ರಿ!’ ಅಂತ ಅವ ಒದರಿದ. ‘ನನ್ನಂಗ ಈ ಧೂಳ್ಯಾಗ ಬೀಳಬ್ಯಾಡ, ಓದು ಅಂತ. ಇವಗ ಕೇಳಸಂಗಿಲ್ಲ.’

ಹುಡುಗ ಮೊದಲನೇ ಸಲ ಬಾಯಿ ಬಿಟ್ಟ. ‘ಯಪ್ಪಾ, ನೀ ಬೈದಂಗ ಹೇಳ್ತಿ.’

ಅವರಪ್ಪ ಹಾಡಿನ ಕಡೆ, ಅಂದ್ರ ಆ ಸಣ್ಣ ಸ್ಪೀಕರಿನ ಕಡೆ ಕೈ ಮಾಡಿದ. ‘ಅವನೂ ಒದರಾಕ ಹತ್ಯಾನಲ್ಲೋ! ಅವಂದು ಕುಂತು ಕೇಳ್ತಿ, ನಂದು ಕೇಳಂಗಿಲ್ಲ?’

ಮೂರೂ ಮಂದಿ ನಕ್ಕೇವಿ. ನಗೂದ್ರಾಗ ಕರೆಂಟ್ ಬಂತು, ಖರೇನೇ ಬಂತು ಈ ಸಲ, ಅವ ಎದ್ದು ಓಡಿದ. ಹುಡುಗ ಮುಂದ ಡಿಪ್ಲೊಮಾಕ್ಕ ಹೋದ, ಗಿಟಾರ್ ಅಷ್ಟಕ್ಕಷ್ಟ ಆತು, ಅದು ಬ್ಯಾರೆ ಮಾತು. ಆದ್ರ ಅವತ್ತ ಅವರಪ್ಪ ಒಂದು ನಿಮಿಷಕ್ಕ ಎದ್ದು ಹೋಗಿದ್ರ? ಆ ಸಾಲಿನ ಸುದ್ದಿನೇ ಬರ್ತಿರಲಿಲ್ಲ. ಅದಕ್ಕ, ಮತ್ತ ಹೇಳ್ತೇನಿ, ಕಡೀತನಕ ಕೇಳ್ರಿ.

ಗಾಜಿನ ಆಚಿಂದ ಗಡಿಯಾರ ತೋರಸಾಕ ಹತ್ಯಾರ. ಬನಹಟ್ಟಿಯೊಳಗೇ ಹೊತ್ತು ಹೋತು. ಉಳಿದದ್ದು ಓಡಿಸಿ ಹೇಳ್ತೇನಿ.

ಎರಡನೇ ಹಾಡು, ‘ದ ಲಿವಿಂಗ್ ಇಯರ್ಸ್’. ಇಂಗ್ಲೆಂಡಿನ ಮೈಕ್ ಅಂಡ್ ದ ಮೆಕ್ಯಾನಿಕ್ಸ್ ತಂಡದ್ದು, 1988ರದು. ಬರದಾವ್ರು ಮೈಕ್ ರುದರ್‌ಫರ್ಡ್ ಮತ್ತ ಬಿ.ಎ. ರಾಬರ್ಟ್‌ಸನ್. ಇಬ್ಬರೂ ಅಪ್ಪನ್ನ ಕಳಕೊಂಡಾವ್ರು. ಹಾಡಿದಾವ ಪಾಲ್ ಕ್ಯಾರಕ್, ಅವ 11 ವರ್ಷದಾವ ಇದ್ದಾಗ ಅವನಪ್ಪ ಕೆಲಸದ ಜಾಗಾದಾಗ ಅಪಘಾತ ಆಗಿ ತೀರ್ಕೊಂಡಿದ್ದ. ಅಪ್ಪಗ ಹೇಳಬೇಕಾದ ಮಾತು ಹೇಳದ ಉಳೀತು ಅನ್ನೋ ಹಾಡು ಅದು. ಅದರ ಕಡೀ ನುಡಿಯಾಗ ಏನಾಗ್ತೈತಿ ಗೊತ್ತೇನ್ರಿ? ಅಪ್ಪ ಹೋದ ವರ್ಷನೇ ಹುಟ್ಟಿದ ತನ್ನ ಕೂಸಿನ ಅಳುವಿನಾಗ ಅವಗ ಅಪ್ಪನ ದನಿ ಕೇಳಸ್ತೈತಿ. ಎಲ್ಲಿ? ಕಡೀ ನುಡಿಯಾಗ. ನಾ ಕಡೀ ಕಡೀ ಅಂತ ಬಡಕೊಳ್ಳೂದು ಸುಮ್ಮನ ಅಲ್ಲ.

ಮೂರನೇದು, ಕ್ಯಾಟ್ ಸ್ಟೀವನ್ಸ್ 1970ರಾಗ ಹಾಡಿದ ‘ಫಾದರ್ ಅಂಡ್ ಸನ್’. ತಂದಿ, ಮಗ ಎರಡೂ ಅವನೇ. ತಂದಿದು ತಗ್ಗಿದ ದನಿ, ಮಗಂದು ಏರಿದ ದನಿ. ಕೇಳಿದ್ರ ಸಾಕು, ಯಾರು ಯಾರು ಅಂತ ತಾನಾಗೇ ಗೊತ್ತಾಗ್ತೈತಿ, ಭಾಷಾ ಬೇಕಾಗಿಲ್ಲ.

ನಮ್ಮಲ್ಲಿ ಇಲ್ಲೇನು ಅಂತ ಕೇಳೋರು ಇರ್ತೀರಿ. ವಿಜಯಪುರ ಜಿಲ್ಲಾದ ಹಲಸಂಗಿ ಗೆಳೆಯರು 1931ರಾಗ ತಂದ ಜನಪದ ಹಾಡಿನ ಪುಸ್ತಕ ‘ಗರತಿಯ ಹಾಡು’ ತಗದು ನೋಡ್ರಿ, ಕೂಸಿನ ಹಾಡು ಬೇಕಾದಷ್ಟು ಅದಾವು. ಆದ್ರ ಅಲ್ಲಿ ಹಾಡಾಕಿ ತಾಯಿ. ತಂದಿ ಎದಿ ಬಿಚ್ಚಿದ್ದು ಅಂದ್ರ ನನಗ ಮೊದಲ ನೆನಪಾಗೂದು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’, ಕೂಸು ಕಳಕೊಂಡ ತಂದಿ ಹೇಣ್ತಿ ಮುಂದ ಆಡೋ ಮಾತು. ಇದರ ಮ್ಯಾಲೆ ಇನ್ನೂ ಹೇಳೂದು ಬಾಳ ಇತ್ತು, ಆಗಂಗಿಲ್ಲ ಈಗ.

ಕೇಳೂದು ಹೆಂಗ ಅಂತ ಒಂದ ಮಾತು. ಫೋನಿನ ಸ್ಪೀಕರಿನಾಗ ಕೇಳಬ್ಯಾಡ್ರಿ, ಕೈ ಮುಗೀತೇನಿ. ಬಾಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ನಡಗ್ತೈತಿ, ಅಷ್ಟು ತಗ್ಗಿನ ದನಿ ಆ ಸಣ್ಣ ತೂತಿನಾಗ ಹೊರಗ ಬರಂಗಿಲ್ಲ. ತಂದಿಯ ದನಿಯ ಅಡಿಪಾಯನೇ ಹಾರಿ ಹೋಗ್ತೈತಿ. ಟ್ರ್ಯಾಕ್ಟರಿನಾಗ ಚಲೋ ಸ್ಪೀಕರ್ ಹಾಕ್ಸೀರಲ್ಲ, ಅದರಾಗ ಹಚ್ಚರಿ. ಹಚ್ಚಾಕ ಮಗಗ ಹೇಳ್ರಿ, ಮಗಳಿಗೆ ಹೇಳ್ರಿ, ಅವ್ರಿಗೆ ಹುಡುಕಾಕ ಬರ್ತೈತಿ. ಶುರುವಿನಾಗ ಸಣ್ಣ ಕೇಳಸ್ತೈತಿ ಅಂತ ವಾಲ್ಯೂಮ್ ಏರಿಸಬ್ಯಾಡ್ರಿ, ಮುಂದ ಡ್ರಮ್ ಬಂದು ಮನಿಮಂದಿ ಬೈತಾರ. ಒಮ್ಮೆ ಇಟ್ಟದ್ದು ಇಟ್ಟಲ್ಲೇ ಇರ್ಲಿ. ಮತ್ತ ನಡುವ ಯಾರದರ ಫೋನ್ ಬಂದು ಹಾಡು ನಿಂತ್ರ, ನಿಂತಲ್ಲಿಂದ ಚಾಲೂ ಮಾಡೂದು ಬ್ಯಾಡ. ಮೊದಲಿಂದ ಹಚ್ಚರಿ. ನಮಸ್ಕಾರ.