ಉಪ್ಪಿನಾಗರದ ತಳದಲ್ಲೊಂದು ಚಾಪೆ

ಕೇಳುಗರಿಗೆ ನಮಸ್ಕಾರ.

ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದಲ್ಲಿ ಗೆರೆರೊ ನೀಗ್ರೊ ಎಂಬ ಊರಿದೆ. ಸಮುದ್ರದ ನೀರನ್ನು ಕೆರೆಯಂಥ ಕಟ್ಟೆಗಳಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುವುದೇ ಅಲ್ಲಿನ ಕಸುಬು. ಜಗತ್ತಿನ ಅತಿ ದೊಡ್ಡ ಉಪ್ಪಿನಾಗರಗಳಲ್ಲಿ ಅದೂ ಒಂದು. ಸಮುದ್ರಕ್ಕಿಂತ ಎರಡು ಮೂರು ಪಟ್ಟು ಉಪ್ಪಾದ ಆ ನೀರಿನಲ್ಲಿ ಪಾಚಿ ಮೇಯುವ ಬಸವನಹುಳುಗಳ ಕಾಟ ಕಡಿಮೆ. ಹಾಗಾಗಿ ತಳದ ಸೂಕ್ಷ್ಮಜೀವಿಗಳು ನಿಶ್ಚಿಂತೆಯಿಂದ ಬೆಳೆದು, ಕೆಲವು ಸೆಂಟಿಮೀಟರ್ ದಪ್ಪದ ಚಾಪೆಯನ್ನೇ ಹೆಣೆದುಬಿಟ್ಟಿವೆ. ಚಾಕುವಿನಲ್ಲಿ ಕೊಯ್ದು ಕೈಗೆತ್ತಿಕೊಳ್ಳಬಹುದು, ಅಷ್ಟು ಗಟ್ಟಿ.

ಕೊಯ್ದ ಅಂಚನ್ನು ನೋಡಿ. ಮೇಲೆ ಕಂದು ಛಾಯೆ, ಅದರಡಿ ದಟ್ಟ ಹಸಿರು: ಮೈಕ್ರೊಕೋಲಿಯಸ್ ಎಂಬ ಸಯನೋಬ್ಯಾಕ್ಟೀರಿಯಾದ, ಅಂದರೆ ಗಿಡಗಳಂತೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾದ, ಎಳೆಗಳು. ಕೆಳಗಿಳಿದಂತೆ ಬಣ್ಣ ಮಂಕಾಗುತ್ತದೆ, ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಅದು ಹೈಡ್ರೋಜನ್ ಸಲ್ಫೈಡ್.

ಹಗಲಲ್ಲಿ ಆ ಹಸಿರು ಎಳೆಗಳು ಎಷ್ಟು ಆಮ್ಲಜನಕ ಉಗುಳುತ್ತವೆಂದರೆ ಮೇಲಿನ ಒಂದೆರಡು ಮಿಲಿಮೀಟರ್ ಅದರಿಂದ ತುಂಬಿ ತುಳುಕುತ್ತದೆ. ಕತ್ತಲಾಯಿತೋ, ಕೆಲವೇ ನಿಮಿಷಗಳಲ್ಲಿ ಅಷ್ಟೂ ಖಾಲಿ! ಸಲ್ಫೈಡ್ ಮೇಲ್ಮೈವರೆಗೂ ಏರುತ್ತದೆ. ಸಯನೋಬ್ಯಾಕ್ಟೀರಿಯಾ ಆಗ ಹಗಲು ಕೂಡಿಟ್ಟ ಸಕ್ಕರೆಯನ್ನು ಹುದುಗಿಸಿ ಹೊಟ್ಟೆ ಹೊರೆಯುತ್ತವೆ. ಹೊರಬಿದ್ದ ಹೈಡ್ರೋಜನ್ ಮತ್ತು ಆಮ್ಲಗಳನ್ನು ಆಮ್ಲಜನಕದ ಬದಲು ಸಲ್ಫೇಟನ್ನೇ ಉಸಿರಾಡಿ ಸಲ್ಫೈಡ್ ಬಿಡುವ ಬ್ಯಾಕ್ಟೀರಿಯಾ ಕಬಳಿಸುತ್ತವೆ. ಸಾರಜನಕ ಹಿಡಿದಿಡುವ ಕೆಲಸವೂ ಹೆಚ್ಚಾಗಿ ರಾತ್ರಿಪಾಳಿಯದು, ಅದರ ಕಿಣ್ವಕ್ಕೆ ಆಮ್ಲಜನಕವೇ ವಿಷ.

ಸಲ್ಫೇಟಿನವರು ಆಮ್ಲಜನಕ ಕಂಡರೆ ಓಡುವವರು ಎಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. 1991ರಲ್ಲಿ ಇದೇ ಚಾಪೆಯಲ್ಲಿ ಅಳೆದು ನೋಡಿದರೆ, ನಡುಹಗಲಲ್ಲಿ, ಆಮ್ಲಜನಕ ತುಂಬಿದ ಪದರದಲ್ಲೇ ಅವರ ಕೆಲಸ ಜೋರಾಗಿ ನಡೆದಿತ್ತು.

ಇನ್ನು ಅಲ್ಲಿ ಯಾರ್ಯಾರಿದ್ದಾರೆ? 2006ರಲ್ಲಿ ಪದರ ಪದರದ ಜೀನ್‌ಗಳನ್ನು ಓದಿದಾಗ ಬ್ಯಾಕ್ಟೀರಿಯಾದ 42 ಮುಖ್ಯ ವಂಶಗಳು ಸಿಕ್ಕವು. 15 ಅದುವರೆಗೆ ಹೆಸರೇ ಇಲ್ಲದವು. ಕಣ್ಣಿಗೆ ಹೊಡೆಯುವ ಹಸಿರಿನವರಿಗಿಂತ ಕ್ಲೋರೋಫ್ಲೆಕ್ಸಿ ಎಂಬ ಗುಂಪಿನವರ ಸಂಖ್ಯೆಯೇ ಹೆಚ್ಚು. ಬಣ್ಣ ನೋಡಿ ಯಜಮಾನರನ್ನು ಗುರುತಿಸುವ ನಮ್ಮ ಚಾಳಿಗೆ ಇದು ಒಳ್ಳೆಯ ಪೆಟ್ಟು ಅನ್ನಿ.

ನನಗೆ ಬಹಳ ಹಿಡಿಸಿದ್ದು ಮೀಥೇನ್ ಮಾಡುವ ಆರ್ಕಿಯಾಗಳ, ಅಂದರೆ ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಕುಲದ ಸೂಕ್ಷ್ಮಜೀವಿಗಳ, ಯುಕ್ತಿ. ಹೈಡ್ರೋಜನ್‌ಗಾಗಿ ಸಲ್ಫೇಟಿನವರೊಡನೆ ಪೈಪೋಟಿಗಿಳಿದರೆ ಸೋಲು ಖಂಡಿತ. ಆದರೆ ಉಪ್ಪಿನ ಹೊಡೆತ ತಾಳಲು ಇಲ್ಲಿನ ಜೀವಕೋಶಗಳು ಬೀಟೈನ್ ಎಂಬ ವಸ್ತುವನ್ನು ತುಂಬಿಕೊಂಡಿರುತ್ತವೆ. ಅವು ಸತ್ತು ಕೊಳೆತಾಗ ಅದರಿಂದ ಟ್ರೈಮೀಥೈಲಮೀನ್ ಹುಟ್ಟುತ್ತದೆ, ಹಳಸಿದ ಮೀನಿನ ವಾಸನೆಯದು. ಸಲ್ಫೇಟಿನವರು ಅದರ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ, ಆರ್ಕಿಯಾಗಳಿಗೆ ಅದೇ ಊಟ. ನಾಸಾದವರು ಈ ಚಾಪೆಯಿಂದ ಹೊರಡುವ ಅನಿಲಗಳನ್ನು ಅಳೆಯುತ್ತಿರುವುದು ಇದಕ್ಕೇ: ದೂರದ ಗ್ರಹವೊಂದರ ಗಾಳಿಯಲ್ಲಿ ಮೀಥೇನ್ ಕಂಡರೆ, ಅದರ ಹಿಂದೆ ಜೀವ ಇದೆಯೇ ಎಂದು ಊಹಿಸಲು ಹೋಲಿಕೆಗೊಂದು ಲೆಕ್ಕ ಬೇಕಲ್ಲ.

ನಮಸ್ಕಾರ.