ಹಾಲು ಆಗದವರಿಗೆ ಕಾಯಿಹಾಲು ಇದೆಯಲ್ಲ!

ಎಲ್ಲರಿಗೂ ನಮಸ್ಕಾರ. ಮಂಗಳೂರಿಗೆ ನೆಂಟರು ಬಂದರೆ ಸಂಜೆ ಐಸ್‌ಕ್ರೀಂ ಪಾರ್ಲರಿಗೆ ಹೋಗುವುದು ಗ್ಯಾರಂಟಿ. ಉದ್ದ ಗ್ಲಾಸಿನಲ್ಲಿ ಗಡ್‌ಬಡ್ (ಐಸ್‌ಕ್ರೀಂ, ಹಣ್ಣು, ಜೆಲ್ಲಿ ಪದರ ಪದರವಾಗಿ ಹಾಕಿದ್ದು) ಬರುತ್ತದೆ. ಹಾಲು ಆಗದ ಮಗುವಿನ ಮುಂದೆ ಮಾತ್ರ ಒಂದು ಲೈಮ್ ಜ್ಯೂಸ್. ನನಗೆ ಇದು ಸರಿ ಕಾಣುವುದಿಲ್ಲ. ಮಗುವಿಗೊಂದು, ಉಳಿದವರಿಗೊಂದು ಯಾಕೆ? ಮನೆಯಲ್ಲೇ ಹಾಲಿಲ್ಲದ್ದು ಮಾಡಿ, ಎಲ್ಲರೂ ಅದನ್ನೇ ತಿನ್ನಲಿ.

ನಮಗೆ ಇದು ಹೊಸತೇನಲ್ಲ. ನಮ್ಮ ರಸಾಯನಕ್ಕೆ ಏನು ಹಾಕುತ್ತೇವೆ? ಬಾಳೆಹಣ್ಣು, ಕಾಯಿಹಾಲು (ತೆಂಗಿನಕಾಯಿ ಹಾಲು), ಬೆಲ್ಲ, ಹುರಿದ ಎಳ್ಳು, ಏಲಕ್ಕಿ. ಹಸುವಿನ ಹಾಲಿನ ಸುದ್ದಿಯೇ ಇಲ್ಲ. ಉಡುಪಿಯ ಮಠಗಳಲ್ಲಿ ಚಾತುರ್ಮಾಸ್ಯದ ಮೂರನೇ ತಿಂಗಳು ಕ್ಷೀರವ್ರತ. ಆ ತಿಂಗಳಿಡೀ ಹಾಲು ಇಲ್ಲ. ಮೊಸರು, ತುಪ್ಪಕ್ಕೆ ಅಡ್ಡಿಯಿಲ್ಲ, ಅದು ಬೇರೆ ವಿಷಯ. ಆದರೆ ಹಾಲಿಲ್ಲದೆ ಸಿಹಿ ಮಾಡಲು ನಮ್ಮ ಅಡುಗೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾಗಿ ನಾನು ಹೇಳೋದು ಇಷ್ಟೇ: ಆ ರಸಾಯನವನ್ನೇ ಫ್ರೀಜರಿಗೆ ತನ್ನಿ.

ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದ ಕದಳಿ ಬಾಳೆಹಣ್ಣು ತೆಗೆದುಕೊಳ್ಳಿ. ಸಕ್ಕರೆ ಅಂಶ ಜಾಸ್ತಿ ಇದ್ದಷ್ಟೂ ಹಣ್ಣು ಕಲ್ಲಾಗುವುದು ಕಮ್ಮಿ. ಬಿಲ್ಲೆ ಮಾಡಿ, ಒಂದಕ್ಕೊಂದು ತಾಗದ ಹಾಗೆ ತಟ್ಟೆಯಲ್ಲಿ ಹರಡಿ, ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಮೊದಲು ರವೆ ಹಾಗೆ ಉದುರುದುರಾಗಿ ಕಾಣುತ್ತದೆ. ಆಗ ಗಾಬರಿಯಾಗಿ ನೀರು ಹಾಕಬೇಡಿ. ಅಂಚಿಗೆ ಅಂಟಿದ್ದನ್ನು ಕೆರೆದು, ನೀರು ಬೆರೆಸದೆ ಹಿಂಡಿದ ದಪ್ಪ ಕಾಯಿಹಾಲು ಎರಡು ಚಮಚ ಹಾಕಿ. ಮತ್ತೆ ತಿರುಗಿಸಿದರೆ ಒಮ್ಮೆಲೇ ನುಣ್ಣಗಾಗುತ್ತದೆ. ಕಾಯಿಹಾಲಿನ ಜಿಡ್ಡೇ ಇಲ್ಲಿ ಕೆನೆಯ ಕೆಲಸ ಮಾಡುವುದು. ಮೇಲೆ ಸ್ವಲ್ಪ ಬೆಲ್ಲದ ಪಾಕ, ಹುರಿದ ಎಳ್ಳು. ಕೂಡಲೇ ತಿನ್ನಿ, ಆಗಲೇ ಅದರ ರುಚಿ.

ಅನಾನಸಿನಲ್ಲೂ ಹೀಗೆ ಮಾಡಬಹುದು. ಹಸಿ ಅನಾನಸು ಹಾಲಿಗೆ ಬಿದ್ದರೆ ಕಹಿಯಾಗುತ್ತದೆ, ಇಲ್ಲಿ ಹಾಲೇ ಇಲ್ಲವಲ್ಲ. ಕಲ್ಲಂಗಡಿ ಬೇಡ, ಬರೀ ಐಸಾಗುತ್ತದೆ.

ಈಗ ಅಂಗಡಿಯ ಡಬ್ಬಿಯ ವಿಷಯ. ಇದನ್ನು ದಯವಿಟ್ಟು ಗಮನಿಸಿ. ಫ್ರೋಜನ್ ಡೆಸರ್ಟ್ ಅಂತ ಬರೆದಿದ್ದರೆ ಹಾಲಿಲ್ಲ ಅಂತ ಸುಮ್ನೆ ನಂಬಬೇಡಿ. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಇರುತ್ತದೆ, ಆದರೆ ಹಾಲಿನ ಪುಡಿ ಇರಬಹುದು. ಡಬ್ಬಿ ತಿರುಗಿಸಿ, ಅಲರ್ಜಿಯ ಸಾಲು ಓದಿ. ಲ್ಯಾಕ್ಟೋಸ್ ಆಗದವರಿಗೆ ತೊಂದರೆ ಕೊಡುವುದು ಹಾಲಿನ ಸಕ್ಕರೆ. ಅಲರ್ಜಿ ಇರುವವರಿಗೆ ಹಾಲಿನ ಪ್ರೋಟೀನ್. ಲ್ಯಾಕ್ಟೋಸ್ ತೆಗೆದ ಹಾಲು ಅಲರ್ಜಿಯ ಮಗುವಿಗೆ ಖಂಡಿತ ಆಗುವುದಿಲ್ಲ. ಪಾರ್ಲರಿನಲ್ಲಿ ಎಲ್ಲದಕ್ಕೂ ಅದ್ದುವ ಒಂದೇ ಚಮಚವೂ ಆಗದು. ಮನೆಯಲ್ಲಿ ಮಜ್ಜಿಗೆ ಕಡೆದ ಜಾರ್ ಆದರೆ ಚೆನ್ನಾಗಿ ತೊಳೆದು ಬಳಸಿ.

ಕಿಡ್ನಿ ತೊಂದರೆ ಇರುವವರು ಮನೆಯಲ್ಲಿದ್ದರೆ ಬಾಳೆಹಣ್ಣು, ಬೊಂಡ (ಎಳನೀರು) ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಶುಗರ್ ಇದ್ದವರಿಗೆ ಬೆಲ್ಲವೂ ಸಕ್ಕರೆಯೇ. ಅವರಿಗೆ ಯಾವ ಹಣ್ಣು, ಎಷ್ಟು ಅಂತ ಡಾಕ್ಟರ ಹತ್ತಿರ ಕೇಳಿಯೇ ಕೊಡಿ.

ಬಾಳೆಹಣ್ಣು ಸಾಕು ಅನ್ನಿಸಿದವರಿಗೆ ಪುನರ್ಪುಳಿ (ಕೋಕಂ) ಇದೆ. ಶರಬತ್ತನ್ನು ಅಗಲ ತಟ್ಟೆಗೆ ಹೊಯ್ದು ಫ್ರೀಜರಿನಲ್ಲಿಡಿ. ಅರ್ಧ ಗಟ್ಟಿಯಾದಾಗ ಫೋರ್ಕಿನಿಂದ ಕೆರೆಯಿರಿ, ಮತ್ತೆ ಇಡಿ, ಮತ್ತೆ ಕೆರೆಯಿರಿ. ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕುವುದು ಮರೆಯಬೇಡಿ.