ಏಳು ಸುತ್ತಿನ ಪುಸ್ತಕ

ಕೇಳುಗರೇ, ನಮಸ್ಕಾರ.

ಕಣ್ಣಿಂದ ನೋಡಬೇಕಾದ, ಕೈಯಾರೆ ಮಾಡಿದ ಫೋಟೋ ಪುಸ್ತಕದ ಬಗ್ಗೆ ಕಿವಿಗೆ ಹೇಳುವ ಕೆಲಸ ಇವತ್ತು ನನ್ನ ಪಾಲಿಗೆ ಬಂದಿದೆ. ಅದಕ್ಕೇ ಹಳೆಯ ದಿನಪತ್ರಿಕೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದೆ. ಮೊದಲು ಮೇಲಿಂದ ಕೆಳಕ್ಕೆ ಹರಿಯುತ್ತೇನೆ, ಕೇಳಿ. ಸರ್ರನೆ, ಗೆರೆ ಎಳೆದ ಹಾಗೆ ಬಂತು. ಈಗ ಅಡ್ಡಕ್ಕೆ. ಹಟ ಹಿಡಿಯಿತು ನೋಡಿ, ಹಲ್ಲುಹಲ್ಲಾಗಿ ಎಲ್ಲೆಲ್ಲಿಗೋ ಹೋಯಿತು. ಮರಕ್ಕಿರುವಂತೆ ಕಾಗದಕ್ಕೂ ಎಳೆ ಇದೆ. ಕಾರ್ಖಾನೆಯ ಯಂತ್ರದಲ್ಲಿ ಓಡುವಾಗ ನಾರುಗಳು ಆ ಓಟದ ದಿಕ್ಕಿಗೇ ಮಲಗಿಬಿಡುತ್ತವೆ. ಪುಸ್ತಕದ ಮಡಿಕೆ ಆ ಎಳೆಯ ಉದ್ದಕ್ಕೆ ಬಂದರೆ ಪುಟ ಮೆತ್ತಗೆ ಮಗುಚುತ್ತದೆ. ಅಡ್ಡ ಬಂದರೆ ಜೀವನಪೂರ್ತಿ ಸೆಟೆದುಕೊಂಡೇ ಇರುತ್ತದೆ.

ಇದು ಗೊತ್ತಿದ್ದೂ ನಾನು ಒಮ್ಮೆ ಕೆಟ್ಟೆ. ನಮ್ಮಪ್ಪ ಚಿತ್ರದುರ್ಗದಲ್ಲಿ ಬೈಂಡಿಂಗ್ ಮಾಡುತ್ತಿದ್ದವರು. ಅಂಗಡಿಯವರ ಖಾತೆ ಪುಸ್ತಕ, ಶಾಲೆಗಳ ಹಾಜರಿ ಪುಸ್ತಕ, ಅಷ್ಟೆ. ಮೈದಾ ಅಂಟು ಕುದಿಸುವಾಗ ಹುಳ ಹತ್ತದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಆ ಪಾತ್ರೆ ಮುಟ್ಟಿದರೆ ನಮಗೆ ಏಟು. ಅಂಥವರ ಮಗನಾದ ನಾನು ಕಳೆದ ಬೇಸಿಗೆಯಲ್ಲಿ ಊರಲ್ಲೇ ಮೂರು ದಿನದ ಕಮ್ಮಟ ನಡೆಸಿದೆ. ಫೋಟೋ ಪುಸ್ತಕವನ್ನು ಕೈಯಾರೆ ಮಾಡುವ ಕಮ್ಮಟ, ಹನ್ನೆರಡು ಮಂದಿ. ಮೊದಲ ದಿನವೇ ರಟ್ಟಿಗೆ ಹೊರಗಡೆ ಬಟ್ಟೆ ಅಂಟಿಸಿ, ಬೇಗ ಒಣಗಲೆಂದು ಬಿಸಿಲಿಗಿಟ್ಟೆವು. ಊಟ ಮುಗಿಸಿ ಬರುವಷ್ಟರಲ್ಲಿ ಹನ್ನೆರಡು ರಟ್ಟೂ ಸುಟ್ಟ ಹಪ್ಪಳದ ಹಾಗೆ ಮುದುರಿಕೊಂಡಿದ್ದವು. ಒದ್ದೆ ಬಟ್ಟೆ ಒಣಗುತ್ತ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಒಳಮೈಗೂ ಕಾಗದ ಅಂಟಿಸಿದರೆ ಅದು ಈಚೆಗೆ ಎಳೆದು ಸಮ ಮಾಡುತ್ತದೆ. ಆಮೇಲೆ ನೆರಳಲ್ಲಿ, ಚಪ್ಪಡಿ ಕಲ್ಲಿನ ಕೆಳಗೆ ಒಂದು ರಾತ್ರಿ. ಅಪ್ಪ ಇದ್ದಿದ್ದರೆ ನನ್ನನ್ನೇ ಕಲ್ಲಿನ ಕೆಳಗೆ ಇಡುತ್ತಿದ್ದರು.

ಫೋಟೋ ಪುಸ್ತಕ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಮದುವೆಯ ಕರೀಜ್ಮಾ ಆಲ್ಬಂ. ಮಣೆಯಷ್ಟು ದಪ್ಪ, ಒಂದೊಂದು ಹಾಳೆಯಲ್ಲೂ ಮದುಮಗನ ಮುಖ ಮೂರು ಸಲ. ನಾನು ಹೇಳುತ್ತಿರುವುದು ಬೇರೆ ಜಾತಿಯದು. ಅದರ ಮೂಲ ತುಂಬ ಹಿಂದಕ್ಕೆ, ಇಂಗ್ಲೆಂಡಿಗೆ ಹೋಗುತ್ತದೆ. 1842ರಲ್ಲಿ ಜಾನ್ ಹರ್ಷೆಲ್ ಎಂಬ ವಿಜ್ಞಾನಿ ಸಯನೋಟೈಪ್ ವಿಧಾನ ಕಂಡುಹಿಡಿದ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎರಡನ್ನೂ ನೀರಲ್ಲಿ ಕಲಸಿ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೊಂದು ಎಲೆ ಇಟ್ಟು ಬಿಸಿಲಿಗೆ ಹಿಡಿಯುವುದು. ನೀರಲ್ಲಿ ತೊಳೆದರೆ ಬಿಸಿಲು ಬಿದ್ದ ಕಡೆ ಕಡುನೀಲಿ, ಎಲೆಯ ನೆರಳು ಬಿಳಿ. ಮರುವರ್ಷವೇ, 1843ರಲ್ಲಿ, ಆನಾ ಅಟ್ಕಿನ್ಸ್ ಎಂಬ ಹೆಂಗಸು ಪಾಚಿಗಳನ್ನು ಹೀಗೆ ಅಚ್ಚಿಳಿಸಿ ಪುಸ್ತಕ ಮಾಡತೊಡಗಿದಳು. ಫೋಟೋಗಳಿರುವ ಮೊದಲ ಪುಸ್ತಕ ಅದೇ. ಚಿತ್ರದ ಅಡಿಯ ಹೆಸರುಗಳೂ ಅವಳ ಕೈಬರಹದಲ್ಲೇ, ಅದೇ ನೀಲಿಯಲ್ಲಿ. ಮುಗಿಸಲು ಹತ್ತು ವರ್ಷ ಹಿಡಿಯಿತು. ಮುಂದೆ ಎಂಜಿನಿಯರುಗಳು ಇದೇ ವಿಧಾನದಲ್ಲಿ ಕಟ್ಟಡದ ನಕ್ಷೆಗಳ ಪ್ರತಿ ತೆಗೆದರು; ನಾವು ದಿನಾ ಆಡುವ ‘ನೀಲನಕ್ಷೆ’ ಎಂಬ ಮಾತು ಅಲ್ಲಿಂದ ಬಂದದ್ದು. ಕಮ್ಮಟದಲ್ಲಿ ನಾವು ಸೀತಾಫಲದ ಎಲೆ ಇಟ್ಟೆವು. ದುರ್ಗದಲ್ಲಿ ಮಳೆಗೆ ಬರ ಉಂಟು, ಬಿಸಿಲಿಗಿಲ್ಲ. ಹತ್ತು ನಿಮಿಷ ಸಾಕಾಯಿತು.

ನಮ್ಮಲ್ಲೂ ಕೈಕಸುಬಿನ ಪುಸ್ತಕ ಇಲ್ಲದೆ ಇರಲಿಲ್ಲ. ‘ಕಡತ’ ಎಂದರೆ ಈಗ ಕಚೇರಿಯ ಫೈಲು, ಮೇಜಿಂದ ಮೇಜಿಗೆ ಆಮೆಯ ಹಾಗೆ ತೆವಳುವಂಥದ್ದು. ಮೊದಲು ಅದು ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಮೆತ್ತಿ, ಕಪ್ಪಗೆ ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಈಗಲೂ ಇವೆ. ದಾವಣಗೆರೆಯಿಂದ ಬಂದಿದ್ದ ಹುಡುಗಿಯೊಬ್ಬಳಿಗೆ ಈ ಮಡಿಕೆ ಹಿಡಿಸಿತು. ಪಿ.ಬಿ. ರಸ್ತೆಯ ಒಂದು ಬದಿಯ ಅಂಗಡಿಗಳನ್ನು ಬೆಳಗಿನ ಜಾವ, ಷಟರ್ ಏಳುವ ಮೊದಲು ಸಾಲಾಗಿ ತೆಗೆದಿದ್ದಳು. ಬಿಚ್ಚಿ ನೆಲದ ಮೇಲೆ ಹಾಸಿದರೆ ಒಂಬತ್ತು ಅಡಿ ಮುಚ್ಚಿದ ಬಾಗಿಲು, ನಡುವೆ ಹೊಗೆಯಾಡುವ ಬೆಣ್ಣೆದೋಸೆ ಹೋಟೆಲೊಂದೇ ತೆರೆದದ್ದು.

ಹೊಲಿಗೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮಡಿಸಿದ ಹಾಳೆಗಳ ಬೆನ್ನಿಗೆ ಮೂರು ತೂತು. ಮೇಣ ಸವರಿದ ದಾರ, ಪುಸ್ತಕದ ಎತ್ತರದ ಮೂರರಷ್ಟು. ನಡುವಿನ ತೂತಲ್ಲಿ ಒಳಗಿನಿಂದ ಹೊರಕ್ಕೆ, ಮೇಲಿನದರಲ್ಲಿ ಒಳಕ್ಕೆ, ಅಲ್ಲಿಂದ ನೇರ ಕೆಳಗಿನದರಲ್ಲಿ ಹೊರಕ್ಕೆ, ಮತ್ತೆ ನಡುವಿನದರಲ್ಲಿ ಒಳಕ್ಕೆ ಬಂದು ಗಂಟು. ಸಣ್ಣ ಸೂಜಿಯೇ ಬೇಕು. ಒಬ್ಬ ಮಂಡಿಯಿಂದ ಮೆಕ್ಕೆಜೋಳದ ಚೀಲ ಹೊಲಿಯುವ ದಬ್ಬಣ ತಂದಿದ್ದ. ಅವನ ತೂತಿನಲ್ಲಿ ದಾರವೇನು, ಗಂಟೂ ಸಲೀಸಾಗಿ ಓಡಾಡುತ್ತಿತ್ತು.

ಕಷ್ಟದ ಕೆಲಸ ಅಂಟಿನದೂ ಅಲ್ಲ, ಹೊಲಿಗೆಯದೂ ಅಲ್ಲ. ಯಾವ ಚಿತ್ರ ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎನ್ನುವುದು. ನಮ್ಮ ದುರ್ಗದ ಏಳು ಸುತ್ತಿನ ಕೋಟೆ ಹತ್ತಿದವರಿಗೆ ಗೊತ್ತು: ಅಲ್ಲಿ ಬಾಗಿಲಿಗೆ ನೇರ ಬಾಗಿಲಿಲ್ಲ. ಒಂದನ್ನು ದಾಟಿ, ಗೋಡೆ ಬಳಸಿ, ತಿರುಗಿದ ಮೇಲೇ ಮುಂದಿನದು ಕಣ್ಣಿಗೆ ಬೀಳುವುದು. ಪುಟ ಮಗುಚುವುದೂ ಹಾಗೇ. ತೆರೆದ ಪುಸ್ತಕದಲ್ಲಿ ಎಡಬಲ ಎರಡೂ ಒಟ್ಟಿಗೆ ಕಾಣುತ್ತವೆ, ಅಲ್ಲಿ ಏನನ್ನೂ ಬಚ್ಚಿಡಲಾಗದು. ಬಚ್ಚಿಡುವುದಿದ್ದರೆ ಬಲಪುಟದ ಬೆನ್ನಿಗೆ.

ಹಿರಿಯೂರು ಕಡೆಯ ಯುವಕನೊಬ್ಬ 340 ಫೋಟೋ ತಂದಿದ್ದ, ಎಲ್ಲವೂ ಮೊಬೈಲಲ್ಲಿ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು ನಿಮಗೆ ನೆನಪಿರುತ್ತದೆ. 1933ರ ನಂತರ ಅದೇ ಮೊದಲು, 89 ವರ್ಷದ ಮೇಲೆ. ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಗಿತ್ತು. ಇವನ ಫೋಟೋಗಳಲ್ಲಿ ನೀರೋ ನೀರು. ಎರಡು ದಿನ ಕೂತು ಆರಿಸಿದೆವು. “ಸಾರ್, ಇದೂ ಇರಲಿ” ಎಂದು ಪ್ರತಿಯೊಂದಕ್ಕೂ ಜಗಳ. ಕೊನೆಗೆ ಉಳಿದದ್ದು ಹನ್ನೊಂದು. ಹತ್ತರಲ್ಲಿ ಬರೀ ಜನ: ಹೆಗಲ ಮೇಲೆ ಕೂತ ಮಗು, ಸೆರಗು ಬಾಯಿಗೆ ಹಿಡಿದ ಹೆಂಗಸು, ಟ್ರ್ಯಾಕ್ಟರಿನ ಮೇಲೆ ನಿಂತವರು. ಎಲ್ಲರೂ ನಮಗೆ ಕಾಣದ ಏನನ್ನೋ ನೋಡುತ್ತಿದ್ದಾರೆ. ಕೊನೆಯ ಹಾಳೆ ಮಗುಚಿದರೆ ಮಾತ್ರ ಕೋಡಿ, ಎಡಪುಟದ ತುಂಬ, ಅಂಚಿನವರೆಗೂ ನೀರು. ನನಗಂತೂ ಹೆಮ್ಮೆಯೋ ಹೆಮ್ಮೆ. ಏಳು ಸುತ್ತು ಕಟ್ಟಿದ್ದೇವೆ ಎಂದು ಎಲ್ಲರೆದುರು ಕೊಚ್ಚಿಕೊಂಡೆ.

ಮೂರನೆಯ ದಿನ ಸಂಜೆ ಅವನನ್ನು ಕರೆದೊಯ್ಯಲು ಮನೆಯವರು ಬಂದರು, ಜೊತೆಗೆ ಅವನ ಅಜ್ಜಿ. ಪುಸ್ತಕ ಕೊಡುವ ಮೊದಲೇ ಅಜ್ಜಿ ಕೈಯನ್ನು ಸೀರೆಗೆ ಒರೆಸಿಕೊಂಡರು. ಮಡಿಲಲ್ಲಿಟ್ಟುಕೊಂಡು ತೆರೆದರು, ಹಿಂದಿನಿಂದ. ಮೊದಲು ಕಂಡದ್ದೇ ನೀರು. “ಅಯ್ಯೋ ಅಜ್ಜೀ, ಈ ಕಡೆಯಿಂದ” ಎಂದು ಮೊಮ್ಮಗ ಕೈ ಚಾಚಿದ. ಅವರು ಕೇಳಿಸಿಕೊಳ್ಳಲಿಲ್ಲ. ಒಂದೊಂದೇ ಹಾಳೆಯನ್ನು ಹಿಂದುಹಿಂದಕ್ಕೆ ಮಗುಚುತ್ತ ಹೋದರು. ಟ್ರ್ಯಾಕ್ಟರಿನವರು, ಸೆರಗಿನವಳು, ಹೆಗಲ ಮೇಲಿನ ಮಗು. ಎಲ್ಲ ಮುಗಿದ ಮೇಲೆ ರಟ್ಟು ಮುಚ್ಚಿ ಹೇಳಿದರು:

“ಸರಿಯಾಗೈತೆ ಕಣಪ್ಪಾ. ನೀರು ಬಂತು, ಆಮೇಕೆ ಜನ ಬಂದ್ರು.”

ನಾವು ಏಳು ಬಾಗಿಲು ಕಟ್ಟಿ ಕಾಯುತ್ತಿದ್ದರೆ ಅಜ್ಜಿ ಕಿಂಡಿಯಿಂದ ಒಳಗೆ ಬಂದಿದ್ದರು.

ನಮಸ್ಕಾರ.